ಕೈ ಎದೆಯ ಮೇಲಿಟ್ಟು ಹೇಳುವ ಮಾತು

ಕಲಾವತಿಯ ಎರಡು ಬೆರಳು ಹೋದದ್ದು ಮಷಿನ್ ಕೆಟ್ಟದ್ದರಿಂದ ಅಲ್ಲ. ಹುಲಿಗೆಮ್ಮ ಕೇಳದೆ ಗುಂಡಿ ಒತ್ತಿದಳು ಎಂದು ಕಂಪನಿಯವರು ಮೊದಲು ಕಾಗದದಲ್ಲಿ ಬರೆದಿದ್ದರು, ಅದು ಸುಳ್ಳು. ಹುಲಿಗೆಮ್ಮ ಕೇಳಿದಳು. ‘ಯೂ ಮೇ’, ಒತ್ತಬಹುದು, ಎಂದು ಉತ್ತರ ಕೊಟ್ಟವಳು ನಾನು. ಒಳಗಿದ್ದ ಕೈ ನನ್ನದಾಗಿರಲಿಲ್ಲ. ನಡೆದದ್ದು ಇಷ್ಟೇ.

ಇದನ್ನು ಬರೆಯಲು ಕಾರಣವಿದೆ. ರಾಜಗೋಪಾಲನಗರದ ನಮ್ಮ ರಸ್ತೆಯಿಂದ ಈಗ ಮೂರು ನಾಲ್ಕು ಹೆಣ್ಣುಮಕ್ಕಳು ಪೀಣ್ಯದ ಪ್ರೆಸ್ ಶಾಪುಗಳಿಗೆ ಸೇರಿದ್ದಾರೆ. ಸಂಜೆ ಬಂದು, “ಸಾಕಜ್ಜಿ, ಕೆಲಸ ಹೆಂಗಿರುತ್ತೆ ಹೇಳಿ” ಅನ್ನುತ್ತಾರೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಪೇಪರ್ ಓದಿ ಓದಿ ಬರೆಯಲು ಕಲಿತೆ. ತಪ್ಪಿದ್ದ ಒತ್ತಕ್ಷರಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ವಿಷಯದಲ್ಲಿ ಒಂದಕ್ಷರವನ್ನೂ ತಿದ್ದಲು ನಾನು ಬಿಟ್ಟಿಲ್ಲ.

ಪ್ರೆಸ್ಸು ಅಂದರೆ ತಗಡು ಕತ್ತರಿಸುವ, ಮಡಚುವ ಮಷಿನ್. ಮೇಲಿಂದ ಒಂದು ಅಚ್ಚು ಇಳಿಯುತ್ತದೆ, ಕೆಳಗಿನ ಅಚ್ಚಿನ ಮೇಲಿಟ್ಟ ತಗಡು ಬ್ರಾಕೆಟ್ ಆಗಿ ಬೀಳುತ್ತದೆ. ನಮ್ಮ ನಾಲ್ಕನೇ ನಂಬರಿನ ದೊಡ್ಡ ಪ್ರೆಸ್ಸಿಗೆ ಇಬ್ಬರು ಬೇಕು. ಮುಂದೆ ನಿಂತವಳು ತಗಡು ತಳ್ಳಿ ಎರಡೂ ಕೈಯಿಂದ ಎರಡು ಗುಂಡಿ ಒತ್ತುತ್ತಾಳೆ. ಎರಡೂ ಒಟ್ಟಿಗೆ ಒತ್ತಿದರೇ ಅಚ್ಚು ಇಳಿಯುವುದು. ಹಾಗಾಗಿ ಅವಳ ಕೈ ಯಾವಾಗಲೂ ಹೊರಗೆ. ಹಿಂದೆ ನಿಂತವಳು ಸಿಕ್ಕಿಕೊಂಡ ಚೂರುಗಳನ್ನು ಚಿಮಟದಿಂದ ಎಳೆದು ತೆಗೆಯುತ್ತಾಳೆ. ಅವಳಿಗೆ ಗುಂಡಿಯೂ ಇಲ್ಲ, ಮುಂದಿನವಳ ಮುಖವೂ ಕಾಣುವುದಿಲ್ಲ. ನಡುವೆ ಆನೆಯಷ್ಟು ಕಬ್ಬಿಣ ನಿಂತಿದೆ. ಕೈ ಒಳಗೆ ಹೋಗದಂತೆ ಹಿಂದೆ ಹಾಕಿದ್ದ ಜಾಲರಿಯನ್ನು, ಚೂರು ತೆಗೆಯಲು ಅಡ್ಡವಾಗುತ್ತದೆ ಎಂದು ಯಾರೋ ಯಾವಾಗಲೋ ಬಿಚ್ಚಿಟ್ಟಿದ್ದರು. ಮತ್ತೆ ಹಾಕಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಸೇರಿದಾಗ ಅಲ್ಲಿ ಪೆರುಮಾಳ್ ಮೇಸ್ತ್ರಿ ಇದ್ದರು. ಬಲಗೈಯಲ್ಲಿ ಮೂರೇ ಬೆರಳು. ಅವರ ರೂಲು ಒಂದೇ. ಪ್ರತಿ ಸಲ ಒತ್ತುವ ಮುಂಚೆ ಮುಂದಿನವಳು “ಕ್ಯಾನ್?” ಎಂದು ಕೂಗಬೇಕು. ಹಿಂದಿನವಳು ಎರಡೂ ಅಂಗೈ ಎದೆಗೆ ಹಚ್ಚಿಕೊಂಡು “ಕ್ಯಾನ್!” ಅನ್ನಬೇಕು. ಅಂಗೈ ಎದೆಗೆ ತಾಗುವ ಮುಂಚೆ ಬಾಯಿ ತೆರೆಯುವ ಹಾಗಿಲ್ಲ.

ಇಂಗ್ಲಿಷ್ ಯಾಕೆ ಎಂದು ಒಂದು ದಿನ ಕೇಳಿದೆ.

“ನಿಮ್ಮ ಕನ್ನಡದಲ್ಲಿ ಊಟ ಆಯ್ತಾ, ಲೋಡ್ ಆಯ್ತಾ, ಮಗಳ ಮದುವೆ ಆಯ್ತಾ, ಎಲ್ಲಾದಕ್ಕೂ ಆಯ್ತಾನೇ ಅಲ್ವಾಮ್ಮಾ? ಆ ಮಾತು ಸವೆದೋಗಿದೆ. ಇದು ನಾವ್ ಯಾರೂ ಬೇರೆ ಯಾವುದಕ್ಕೂ ಹೇಳಲ್ಲ. ಬಾಯಿಗೆ ಬಂದ್ರೆ ಕೈ ನೆನಪಾಗಬೇಕು, ಅಷ್ಟೆ.”

ಸೇರಿದ ಮೊದಲ ವಾರ ನಾನು ಹಿಂದೆ ನಿಂತಿದ್ದೆ. ಚೂರು ತೆಗೆಯುತ್ತಲೇ, ಬೇಗ ಮುಗಿಯಲಿ ಎಂದು “ಕ್ಯಾನ್” ಅಂದುಬಿಟ್ಟೆ. ಪೆರುಮಾಳ್ ಪಕ್ಕದಲ್ಲೇ ಇದ್ದರು. ಕೆಂಪು ಗುಂಡಿ ಹೊಡೆದು ಮಷಿನ್ ನಿಲ್ಲಿಸಿದರು. ಬೈಯಲಿಲ್ಲ.

“ಕೈ ಎಲ್ಲಿತ್ತಮ್ಮಾ?”

“ಒಳಗೆ ಮೇಸ್ತ್ರಿ.”

“ಊರಿಂದ ಎಕ್ಸ್‌ಟ್ರಾ ಬೆರಳು ತಂದಿದ್ದೀಯಾ? ಬ್ಯಾಗಲ್ಲಿ ಇದೆಯಾ?”

ಟೀ ಟೈಮ್ ಮುಗಿಯುವ ತನಕ ಅಂಗೈ ಎದೆಗೆ ಹಚ್ಚಿಕೊಂಡು ಗೋಡೆಗೆ ನಿಲ್ಲಿಸಿದರು. ಗಂಡಸರು ಟೀ ಕುಡಿಯುತ್ತಾ, “ಏನಕ್ಕಾ, ದೇವ್ರಿಗೆ ಹರಕೆನಾ?” ಎಂದು ನಕ್ಕರು. ನಾನು ಅಳಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇಪ್ಪತ್ತು ವರ್ಷ ನನ್ನ ಹತ್ತೂ ಬೆರಳನ್ನು ಕಾಯ್ದಿತು.

ಪೆರುಮಾಳ್ ಹೋದಮೇಲೆ ಬಂದ ಮ್ಯಾನೇಜರಿಗೆ ಬೋರ್ಡಿನ ಹುಚ್ಚು. ಇಂಗ್ಲಿಷಿನಲ್ಲಿ ‘ಮಸ್ಟ್’ ಎಂದು ಕೆಂಪಕ್ಷರದಲ್ಲಿ ಬರೆಸಿ ಗೋಡೆ ತುಂಬ ಹೊಡೆಸಿದರು. ಮಸ್ಟ್ ಗ್ಲೌಸ್, ಮಸ್ಟ್ ಶೂ, ಮಸ್ಟ್ ಕನ್ನಡಕ. ಗ್ಲೌಸ್ ಕೇಳಿದರೆ ಸ್ಟೋರಿನಲ್ಲಿ ಖಾಲಿ. ಕೊನೆಗೆ ಆ ಬೋರ್ಡುಗಳ ಮೊಳೆಗೆ ನಾವು ಊಟದ ಬ್ಯಾಗು ನೇತುಹಾಕುತ್ತಿದ್ದೆವು. ಗೋಡೆ ತುಂಬ ಮಸ್ಟ್ ಇದ್ದರೆ ಯಾವುದೂ ಮಸ್ಟ್ ಅಲ್ಲ, ಅದನ್ನು ಅಲ್ಲೇ ಕಲಿತೆ.

ಆಮೇಲೆ ಕಿರಣ್ ಸಾರ್ ಬಂದರು. ಸೇಫ್ಟಿಗೆಂದೇ ಬಂದ ಎಂಜಿನಿಯರ್, ನನ್ನ ಕೊನೆಯ ಮಗನಿಗಿಂತ ಚಿಕ್ಕವರು. ಕೆಟ್ಟವರಲ್ಲ. ಸ್ಟೋರಿನಲ್ಲಿ ಗ್ಲೌಸ್ ತುಂಬಿಸಿದವರು ಅವರೇ. ಹೊರದೇಶದ ಗಿರಾಕಿಗಳು ಶಾಪು ನೋಡಲು ಬರುವವರಿದ್ದರು. ನಮ್ಮ ‘ಕ್ಯಾನ್’ ಕೂಗು ಕೇಳಿ ಕಿರಣ್ ಸಾರಿಗೆ ನಾಚಿಕೆಯಾಯಿತು. ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿದರು.

“ನೋಡಿ, ಕ್ಯಾನ್ ಅಂದ್ರೆ ಕೈಲಾಗುತ್ತಾ ಅಂತ ಅರ್ಥ. ಪರ್ಮಿಷನ್ ಕೇಳೋವಾಗ ಮೇ ಅನ್ಬೇಕು. ಮೇ ಐ ಸ್ಟಾರ್ಟ್? ಯೆಸ್, ಯೂ ಮೇ. ಎಲ್ಲಿ, ಹೇಳಿ?”

ಕಲಾವತಿ ಎದ್ದು ನಿಂತಳು. ಮಾಗಡಿ ಕಡೆಯವಳು, ನಾನೂ ಅವಳೂ ಹದಿನೆಂಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು.

“ಸಾರ್, ನಂಗೆ ಕೈಲಾಗುತ್ತಾ ಅಂತಾನೇ ಕೇಳ್ಬೇಕು ಸಾರ್. ಕೈ ನಂದು ಒಳಗಿರೋದು.”

ಎಲ್ಲರೂ ನಕ್ಕರು. ಕಿರಣ್ ಸಾರೂ ನಕ್ಕರು, ಆದರೆ ಅವರು ಬರೆದು ತಂದಿದ್ದ ರೂಲಿನ ಚಾರ್ಟು ಬದಲಾಗಲಿಲ್ಲ. ಅನುಮತಿ ಅಂದಮೇಲೆ ಕೊಡುವವರು ಬೇಕಲ್ಲ? ಅದು ಲೈನ್ ಲೀಡರ್ ಕೆಲಸ ಎಂದು ಬರೆದರು. ಮುಂದಿನವಳು ಲೀಡರನ್ನು ಕೇಳಬೇಕು. ಲೀಡರ್ ಪ್ರೆಸ್ಸಿನ ಹಿಂದಕ್ಕೆ ಹೋಗಿ, ಕೈ ಹೊರಗಿದೆಯೇ ನೋಡಿ, ಬಂದು ‘ಯೂ ಮೇ’ ಅನ್ನಬೇಕು. ಆಗಿನ ಲೀಡರ್ ನಾನು. ನೀಲಿ ಟೋಪಿ, ಎದೆಗೆ ಬ್ಯಾಡ್ಜು.

ಮೊದಲ ದಿನಗಳಲ್ಲಿ ಲೇತ್ ಸೆಕ್ಷನ್ನಿನ ಗಂಡಸರು ನಮ್ಮನ್ನು ಕಂಡರೆ ಸಾಕು, “ಮೇ ಮೇ ಅಂತಾ ಆಡು ಬಂದ್ವು, ದಾರಿ ಬಿಡ್ರೋ” ಅನ್ನುತ್ತಿದ್ದರು. ನಮಗೂ ನಾಚಿಕೆ. ಆದರೂ ನಿಜ ಹೇಳುತ್ತೇನೆ, ‘ಯೂ ಮೇ’ ಅನ್ನುವುದು ನನಗೆ ರುಚಿಸಿತು. ನಾಲ್ಕನೇ ಕ್ಲಾಸಿನವಳು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುತ್ತಿದ್ದೆ. ನಾಲ್ಕು ಪ್ರೆಸ್ಸು ನನ್ನ ಮಾತಿಗೆ ಕಾಯುತ್ತಿದ್ದವು.

ಒಂದು ತಿಂಗಳು ಪ್ರತಿ ಸಲವೂ ಹಿಂದೆ ಹೋಗಿ ನೋಡಿದೆ. ಮೊಣಕಾಲು ನೋವು ಬಂತು, ಲೈನು ನಿಧಾನವಾಯಿತು. ಎರಡನೇ ತಿಂಗಳು ಬಗ್ಗಿ ನೋಡಿದೆ. ಆಮೇಲೆ ಬಗ್ಗುವುದನ್ನೂ ಬಿಟ್ಟೆ. ನಿಂತಲ್ಲಿಂದಲೇ ಹೇಳತೊಡಗಿದೆ. ಅಷ್ಟರಲ್ಲಿ ಹಿಂದಿನವಳು ಅಂಗೈ ಎದೆಗೆ ಹಚ್ಚುವುದೂ ನಿಂತಿತ್ತು. ಅವಳನ್ನು ಯಾರೂ ಏನೂ ಕೇಳುತ್ತಲೇ ಇರಲಿಲ್ಲ, ಯಾಕೆ ಹಚ್ಚುತ್ತಾಳೆ? ಒಂದು ವರ್ಷ ಹೀಗೇ ನಡೆಯಿತು. ಏನೂ ಆಗದ್ದರಿಂದ ಎಲ್ಲ ಸರಿಯಿದೆ ಎಂದುಕೊಂಡೆವು.

ಹುಲಿಗೆಮ್ಮ ಬಂದದ್ದು ಆಗ. ಕೊಪ್ಪಳದ ಕಡೆಯ ಹೆಂಗಸು, ಮೂವತ್ತೆರಡರ ಆಸುಪಾಸು. ಗಂಡ ಗಾರೆ ಕೆಲಸದಲ್ಲಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಬಾಡಿಗೆ ರೂಮಿನಲ್ಲಿ ಮಲಗಿದ್ದ. ದುಡಿಯುವವಳು ಇವಳೊಬ್ಬಳೇ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಪ್ರತಿ ಸಲ ಕೇಳುತ್ತಿದ್ದಳು, ತಪ್ಪಿಸುತ್ತಿರಲಿಲ್ಲ. “ಮೇ ಐ ಸ್ಟಾರ್ಟ್ ಯಕ್ಕಾ?” ನನಗೆ ಅದೇ ಕಿರಿಕಿರಿ. ಒಂದು ದಿನ, “ದಿನಕ್ಕೆ ಎಷ್ಟ್ ಸಲ ಕೇಳ್ತೀಯೇ ತಾಯಿ?” ಅಂದೆ. “ಎಷ್ಟ ಸಲ ಒತ್ತತೀನೋ ಅಷ್ಟ ಸಲ ರೀ” ಅಂದಳು.

ಅವಳು ಸೇರಿ ನಾಲ್ಕು ತಿಂಗಳಾಗಿತ್ತು. ನನ್ನ ರಿಟೈರಿಗೆ ಇನ್ನು ಐದು ತಿಂಗಳು.

ಆ ದಿನ ಮಧ್ಯಾಹ್ನ ಊಟವಾಗಿ ಬಂದಿದ್ದೆವು. ಲೋಡಿಗೆ ಟೆಂಪೊ ಗೇಟಿನಲ್ಲಿ ನಿಂತು ಹಾರನ್ ಹೊಡೆಯುತ್ತಿತ್ತು. ನಾನು ಮೂರನೇ ಪ್ರೆಸ್ಸಿನ ಹತ್ತಿರ ಅಳತೆ ನೋಡುತ್ತಿದ್ದೆ. ನಾಲ್ಕನೇ ಪ್ರೆಸ್ಸಿಗೆ ನನ್ನ ಬೆನ್ನು. ಹಿಂದೆ ಕಲಾವತಿ, ಮುಂದೆ ಹುಲಿಗೆಮ್ಮ. ಚೂರು ಸಿಕ್ಕಿಕೊಂಡು ಪ್ರೆಸ್ಸು ನಿಂತಿತ್ತು. ಚಿಮಟಕ್ಕೆ ಬಾರದ ಚೂರಿಗೆ ಕಲಾವತಿ ಕೈ ಹಾಕಿದ್ದಳು. ಹಾಕಬಾರದು. ಎಲ್ಲರೂ ಹಾಕುತ್ತಿದ್ದೆವು.

“ಮೇ ಐ ಸ್ಟಾರ್ಟ್ ಯಕ್ಕಾ?”

ನಾನು ತಿರುಗಲಿಲ್ಲ. ಅಳತೆ ತಪ್ಪುತ್ತದೆ ಎಂದು ತಲೆಯನ್ನೂ ಎತ್ತಲಿಲ್ಲ.

“ಯೂ ಮೇ, ಯೂ ಮೇ.”

ಎರಡು ಸಲ ಅಂದೆ, ಬೇಗ ಆಗಲಿ ಎಂದು.

ತಗಡು ಕತ್ತರಿಸುವ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಅದು ಆ ಸದ್ದಾಗಿರಲಿಲ್ಲ. ಕಲಾವತಿ ಕಿರುಚಲಿಲ್ಲ. “ಸಾಕೀ, ನನ್ ಕೈ” ಅಂದಳು, ಡಬ್ಬಿ ಬಿತ್ತು ಎನ್ನುವ ಹಾಗೆ. ನಾನು ಓಡಿ ಕೆಂಪು ಗುಂಡಿ ಹೊಡೆದೆ. ಫಿಟ್ಟರ್ ಬಂದು ಅಚ್ಚು ಎತ್ತಿದ. ನನ್ನ ಸೆರಗಿನಲ್ಲೇ ಅವಳ ಕೈ ಸುತ್ತಿದೆ. ಹುಲಿಗೆಮ್ಮ ಎರಡೂ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಿದ್ದಳು. ಬಿಡಿಸಿ ಎಳೆಯಬೇಕಾಯಿತು.

“ಯಕ್ಕಾ, ನೀವು ಹೂಂ ಅಂದ್ರಲ್ರಿ?”

“ಬಾಯ್ ಮುಚ್ಚು ಈಗ” ಅಂದೆ.

ಕಲಾವತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂಜೆಯೊಳಗೆ ನಮ್ಮಿಬ್ಬರನ್ನು ಆಫೀಸಿಗೆ ಕರೆದರು. ಮ್ಯಾನೇಜರ್ ಕೂತಿದ್ದರು, ಕಿರಣ್ ಸಾರ್ ಬರೆದುಕೊಳ್ಳುತ್ತಿದ್ದರು. ಪ್ರಶ್ನೆ ಕೇಳಿದವರೂ ಅವರೇ.

“ಸಾಕಮ್ಮ, ಹುಲಿಗೆಮ್ಮ ನಿಮ್ಮನ್ನ ಕೇಳಿದ್ರಾ?”

“ನಂಗೆ ಕೇಳಿಸ್ಲಿಲ್ಲ ಸಾರ್. ಶಬ್ದ ಇತ್ತು.”

“ನೀವು ಯೂ ಮೇ ಅಂದ್ರಾ?”

“ಇಲ್ಲ ಸಾರ್.”

“ನಾ ಕೇಳೀನ್ರಿ” ಅಂದಳು ಹುಲಿಗೆಮ್ಮ, ನನ್ನನ್ನೇ ನೋಡುತ್ತಾ. ಶಾಪಿನಲ್ಲಿ ಕ್ಯಾಮೆರಾ ಇತ್ತು, ಗೇಟಿಗೊಂದು, ಸ್ಟೋರಿಗೊಂದು. ಕಳ್ಳತನ ಹಿಡಿಯಲು ಹಾಕಿದ್ದವು, ಕೈ ನೋಡಲು ಅಲ್ಲ. ನನ್ನ ಇಪ್ಪತ್ತಾರು ವರ್ಷದ ಮಾತಿನ ಮುಂದೆ ಅವಳ ನಾಲ್ಕು ತಿಂಗಳ ಮಾತಿಗೆ ತೂಕ ಎಲ್ಲಿಯದು? ಮೂರನೇ ದಿನ ವಿಚಾರಣೆ ಇಟ್ಟರು. ಅಲ್ಲಿಯ ತನಕ ಕೆಲಸಕ್ಕೆ ಬರಬೇಡ ಎಂದು ಅವಳಿಗೆ ಹೇಳಿದರು.

ಮರುದಿನ ಬೆಳಿಗ್ಗೆ ನಾನು ನಲ್ಲಿ ನೀರು ಹಿಡಿಯುತ್ತಿದ್ದಾಗ ಅವಳು ನಮ್ಮ ಬಾಗಿಲಿಗೆ ಬಂದಳು. ಚಾ ಕುಡಿ ಎಂದೆ.

“ಚಾ ಬ್ಯಾಡ್ರಿ. ನಾ ಕೈಮುಗಿಯಾಕೂ ಬಂದಿಲ್ಲ. ನಾ ಕೇಳಿನೋ ಇಲ್ಲೋ, ಅಷ್ಟ ಹೇಳ್ರಿ.”

ಅಕ್ಕಪಕ್ಕದವರು ಕೊಡ ಹಿಡಿದುಕೊಂಡು ನೋಡುತ್ತಿದ್ದರು. “ಒಳಗ್ ಬಾ” ಅಂದೆ.

“ಒಳಗ ಯಾಕ್ರಿ? ಕೇಳದೇ ಗುಂಡಿ ಒತ್ತಿದಾಕಿ ಅಂತ ಬರದು ಕಳಿಸಿದ್ರ, ಪೀಣ್ಯಾದಾಗ ಯಾವ ಪ್ರೆಸ್ಸಿಗೂ ನನ್ನ ತಗೊಳ್ಳಂಗಿಲ್ಲ. ಕೈ ಕಡದಾಕಿ ಅಂತ ಬೆರಳ ಮಾಡಿ ತೋರಸ್ತಾರ. ಮನ್ಯಾಗ ಮಲಗಿದಾಂವಗ ನಾ ಏನ ಹೇಳ್ಲಿ?”

“ನೋಡೋಣ” ಅಂದೆ.

“ಏನ ನೋಡ್ತೀರಿ? ನಿನ್ನಿ ನೋಡಬೇಕಿತ್ತು.”

ಹೋದಳು. ಕೊಡ ತುಂಬಿ ನೀರು ಕಾಲ ಮೇಲೆ ಹರಿಯುತ್ತಿತ್ತು. ಅವಳ ಮೇಲೆಯೇ ನನಗೆ ಸಿಟ್ಟು ಬಂತು. ತಪ್ಪು ನಮ್ಮದಾದಾಗ ಹಾಗೇ ಆಗುವುದು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಕಲಾವತಿಯ ಬಲಗೈಗೆ ದಪ್ಪ ಬ್ಯಾಂಡೇಜು. ಕಿರುಬೆರಳು, ಉಂಗುರದ ಬೆರಳು, ಎರಡರಲ್ಲೂ ಬುಡದ ಒಂದೊಂದು ಗೆಣ್ಣು ಮಾತ್ರ ಉಳಿದಿತ್ತು. ಮೂಸಂಬಿ ಬಿಡಿಸಿ ಕೊಟ್ಟೆ, ತಿನ್ನಲಿಲ್ಲ.

“ಆ ಹೊಸಬಳ್ನ ಕೆಲಸದಿಂದ ತೆಗೀತಾರಂತೆ?” ಎಂದು ಕೇಳಿದಳು.

“ಗೊತ್ತಿಲ್ಲ.”

“ಅವ್ಳು ಕೇಳ್ದೆ ಒತ್ತೋಳಲ್ಲ ಕಣೇ.”

ನಾನು ಮೂಸಂಬಿ ಸಿಪ್ಪೆ ಒಟ್ಟುಮಾಡಿದೆ. ಬಹಳ ಹೊತ್ತು ನನ್ನ ಮುಖ ನೋಡಿದಳು.

“ಎಲ್ಲಿ, ನಿನ್ ಕೈ ತೋರ್ಸು.”

ತೋರಿಸಿದೆ. ಎಡಗೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು, ಹೆಬ್ಬೆಟ್ಟಿನಿಂದ ಶುರುಮಾಡಿ.

“ಹತ್ತೂ ಅವೆ. ಓಗು” ಅಂದಳು. ಗೋಡೆಯ ಕಡೆಗೆ ಹೊರಳಿ ಮಲಗಿದಳು.

‘ಯೂ ಮೇ’ ಅಂದ ನನ್ನ ದನಿ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಮೂರನೇ ದಿನ ಮಧ್ಯಾಹ್ನ ವಿಚಾರಣೆ. ಮೂರು ಜನಕ್ಕೆ ಕುರ್ಚಿಯಿತ್ತು, ಹುಲಿಗೆಮ್ಮ ನಿಂತಿದ್ದಳು. ಕಿರಣ್ ಸಾರ್ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಕನ್ನಡ ಮಾಡಿ ಓದಿದರು. “ಆಪರೇಟರ್ ಅನುಮತಿ ಕೇಳಬೇಕಿತ್ತು. ಕೇಳಲಿಲ್ಲ. ಆದ್ದರಿಂದ ಕೆಲಸದಿಂದ ತೆಗೆಯಲಾಗಿದೆ.” ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು. ಪೆನ್ನು ಕೊಟ್ಟರು. ಕ್ಯಾಪು ತೆಗೆದು ಮೊನೆಯನ್ನು ಕಾಗದದ ಮೇಲೆ ಇಟ್ಟೆ. ‘ಸಾ’ ಎಂದು ಒಂದಕ್ಷರ ಬರೆದೂಬಿಟ್ಟೆ. ಅಷ್ಟು ಹತ್ತಿರ ಹೋಗಿದ್ದೆ. ನನ್ನನ್ನು ಒಳ್ಳೆಯವಳೆಂದು ಯಾರೂ ತಿಳಿಯಬೇಡಿ. ಪೆನ್ನು ಹಿಡಿದ ಬೆರಳು ಕಣ್ಣಿಗೆ ಬಿತ್ತು, ಅದರ ಪಕ್ಕದ ಎರಡೂ ಕಣ್ಣಿಗೆ ಬಿದ್ದವು, ಕಲಾವತಿಗೆ ಹೋದ ಆ ಎರಡು.

“ಕೇಳಿದ್ಲು ಸಾರ್” ಅಂದೆ.

“ಏನು?”

“ಹುಲಿಗೆಮ್ಮ ಕೇಳಿದ್ಲು. ನಾನು ಯೂ ಮೇ ಅಂದೆ. ಹಿಂದೆ ಹೋಗಿ ನೋಡ್ಲಿಲ್ಲ.”

ಕಿರಣ್ ಸಾರ್ ಕಾಗದದಿಂದ ತಲೆ ಎತ್ತಿದರು. “ನೀವೇ ಅವತ್ತು ಇಲ್ಲ ಅಂದ್ರಲ್ಲ ಸಾಕಮ್ಮ?”

“ಸುಳ್ಳು ಹೇಳ್ದೆ ಸಾರ್.”

ಮ್ಯಾನೇಜರ್ ಕನ್ನಡಕ ತೆಗೆದಿಟ್ಟರು. “ಇನ್ನೈದು ತಿಂಗಳಿದೆ ನಿಮ್ಗೆ. ಮನೆಗೆ ಹೋಗಿ ಯೋಚ್ನೆ ಮಾಡಿ, ನಾಳೆ ಹೇಳಿ.”

“ಯೋಚ್ನೆ ಮಾಡಿದ್ರೆ ಹೇಳಕ್ಕಾಗಲ್ಲ ಸಾರ್. ಈಗ್ಲೇ ಬರ್ಕೊಳ್ಳಿ.”

“ಚಾರ್ಟಲ್ಲಿ ಸ್ಪಷ್ಟವಾಗಿ ಇದೆಯಲ್ಲ,” ಕಿರಣ್ ಸಾರ್ ದನಿ ಏರಿತು, “ನೋಡಿ ಆಮೇಲೆ ಪರ್ಮಿಷನ್ ಕೊಡಿ ಅಂತ!”

“ಇದೆ ಸಾರ್. ನೋಡದೆ ಇದ್ದದ್ದು ನನ್ ತಪ್ಪು. ಆದ್ರೆ ಕೊಡೋಕೆ ಆ ಪರ್ಮಿಷನ್ ನಂದಲ್ಲ ಸಾರ್. ಅದು ಒಳಗೆ ಕೈ ಇಟ್ಟೋಳ್ದು. ನಾನ್ ಕೊಡ್ತೀನಿ ಅಂದ್ರೂ ನೀವ್ ಕೊಡ್ತೀನಿ ಅಂದ್ರೂ ಹೋಗೋದು ಅವ್ಳ ಬೆರಳೇ.”

ಹೊರಗೆ ಪ್ರೆಸ್ಸುಗಳ ಸದ್ದು ಕೇಳುತ್ತಿತ್ತು, ಮೂರು ಮಾತ್ರ. ಕಿರಣ್ ಸಾರ್ ಆ ಕಾಗದವನ್ನು ತೆಗೆದುಕೊಂಡು, ನನ್ನ ‘ಸಾ’ ಇದ್ದ ಕಡೆ ಒಮ್ಮೆ ನೋಡಿ, ನಾಲ್ಕು ಚೂರು ಮಾಡಿದರು. ಹೊಸ ಕಾಗದದಲ್ಲಿ ತಪ್ಪು ಮಾಡಿದವಳ ಜಾಗಕ್ಕೆ ನನ್ನ ಹೆಸರು ಬರೆದರು. ಬ್ಯಾಡ್ಜು, ನೀಲಿ ಟೋಪಿ ಮೇಜಿನ ಮೇಲೆ ಇಡಲು ಹೇಳಿದರು. ಕೆಲಸದಿಂದ ತೆಗೆಯಲಿಲ್ಲ. ಐದು ತಿಂಗಳು ಶಾಪಿನಲ್ಲೇ ಇರು, ಯಾವುದಾದರೂ ಪ್ರೆಸ್ಸಿಗೆ ನಿಲ್ಲು ಅಂದರು. ನಾಲ್ಕನೆಯದರ ಹಿಂದೆ ಜಾಗ ಖಾಲಿಯಿದೆ, ಅಲ್ಲಿಗೇ ಹಾಕಿ ಎಂದು ಕೇಳಿಕೊಂಡೆ. ಹುಲಿಗೆಮ್ಮನಿಗೆ ಮರುದಿನದಿಂದ ಬಾ ಅಂದರು. ಅವಳು ಥ್ಯಾಂಕ್ಸ್ ಹೇಳಲಿಲ್ಲ. ನನ್ನ ಪಕ್ಕದಲ್ಲೇ ಬಾಗಿಲು ದಾಟಿ ಹೋದಳು. ಹೇಳುವಂಥದ್ದು ನಾನು ಏನು ಮಾಡಿದ್ದೆ?

ಹೊಸದಾಗಿ ಸೇರುವವರಿಗೆ ಹೇಳುವುದು ಇಷ್ಟು. ಮೊಮ್ಮಗಳ ಇಂಗ್ಲಿಷ್ ಪುಸ್ತಕದಲ್ಲಿ ಕಿರಣ್ ಸಾರ್ ಹೇಳಿದ ಹಾಗೇ ಇದೆ, ಕೈಲಾಗುವುದಕ್ಕೆ ಕ್ಯಾನ್, ಅಪ್ಪಣೆಗೆ ಮೇ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ. ಶಾಪಿನಲ್ಲಿ ಯಾವ ಮಾತು ಹೇಳುತ್ತೀರಿ ಎನ್ನುವುದು ನನಗೆ ಬೇಕಿಲ್ಲ. ಕೇಳುವುದಾದರೆ ಯಾರ ಕೈ ಒಳಗಿದೆಯೋ ಅವಳನ್ನೇ ಕೇಳಿ. ನಿಮ್ಮ ಕೈ ಒಳಗಿದ್ದರೆ ಉತ್ತರ ಕೊಡುವ ಕೆಲಸವನ್ನು ದೊಡ್ಡ ಟೋಪಿಯವರಿಗೆ ಬಿಡಬೇಡಿ. ಲೀಡರ್ ಆದರೆ ನಿಮ್ಮ ಬಾಯಿಯ ಮೇಲೆ ನಿಮಗೆ ಹೆದರಿಕೆ ಇರಲಿ. ಹಿಂದಿನ ಜಾಲರಿ ಇಲ್ಲದ ಪ್ರೆಸ್ಸಿಗೆ ನಿಲ್ಲಬೇಡಿ. ನಮ್ಮಲ್ಲಿ ಅದು ಹದಿನೈದು ದಿನದ ಮೇಲೆ ಬಂತು, ಎರಡು ಬೆರಳು ಹೋದಮೇಲೆ.

ವಿಚಾರಣೆಯ ಮರುದಿನ ಬೆಳಿಗ್ಗೆ ನಾನು ಷಿಫ್ಟಿಗಿಂತ ಮುಂಚೆ ಹೋದೆ. ಬಳೆ ತೆಗೆದು ಊಟದ ಬ್ಯಾಗಿಗೆ ಹಾಕಿದೆ. ನಾಲ್ಕನೇ ಪ್ರೆಸ್ಸನ್ನು ಯಾರೋ ತೊಳೆದಿದ್ದರು. ಹುಲಿಗೆಮ್ಮ ಬಂದಾಗ ಮುಂದಕ್ಕೆ ಹೋಗಿ ಹೇಳಿದೆ.

“ಇವತ್ತಿಂದ ಕ್ಯಾನ್ ಅಂತ ಕೇಳು. ನನ್ನನ್ನೇ ಕೇಳು. ಬೇರೆ ಯಾರ್ ಉತ್ತರ ಕೊಟ್ರೂ ಒತ್ಬೇಡ.”

“ಸಾಹೇಬ್ರು ಮೇ ಅನ್ಬೇಕಂತಾರಲ್ರಿ?”

“ಸಾಹೇಬ್ರ ಕೈ ಒಳಗಿಲ್ಲ.”

ಅವಳು ತಗಡು ಎತ್ತಿಕೊಂಡಳು. ನಾನು ಹಿಂದಕ್ಕೆ ಬಂದು ಕಲಾವತಿ ನಿಲ್ಲುತ್ತಿದ್ದ ಮರದ ಹಲಗೆಯ ಮೇಲೆ ನಿಂತೆ. ಮಷಿನ್ ಶುರುವಾಯಿತು. ತಗಡು ಒಳಗೆ ಬಂತು. ಅಲ್ಲಿಂದ ಅವಳ ಮುಖ ಕಾಣುವುದಿಲ್ಲ, ಪ್ರೆಸ್ಸಿನ ಕೆಳಗಿನ ಸಂದಿಯಲ್ಲಿ ಎರಡು ಶೂ ಮಾತ್ರ. ಅಚ್ಚಿನೊಳಗೆ ಒಂದು ಹಳೆಯ ಚೂರು ಉಳಿದಿತ್ತು. ಚಿಮಟ ಹಾಕಿ ಎಳೆದೆ. ಕೈ ಮಣಿಕಟ್ಟಿನ ತನಕ ಒಳಗಿತ್ತು. ಅವಳು ಒತ್ತಬಹುದಿತ್ತು. ಶೂ ಕದಲಲಿಲ್ಲ. ಚೂರು ಬಂತು. ಚಿಮಟ ಕೊಕ್ಕೆಗೆ ಹಾಕಿ, ಎರಡೂ ಅಂಗೈ ಎದೆಗೆ ಹಚ್ಚಿಕೊಂಡು ಕಾಯುತ್ತಾ ನಿಂತೆ.

“ಯಕ್ಕಾ, ಕ್ಯಾನ್?”

ಬಗ್ಗಿ ನನ್ನ ಹತ್ತು ಬೆರಳನ್ನೂ ನೋಡಿಕೊಂಡೆ. ಆಮೇಲೆ ಹೇಳಿದೆ.